ವಿಮಾನ ಹೋಗಲಿ, ಆಮೇಲೆ

ಆ ಮೇ ತಿಂಗಳು ಪೂರ್ತಿ ನನ್ನನ್ನು ಕಾಡಿದ್ದು ಒಂದೇ ಯೋಚನೆ. ಕೆಳಗಿನ ಮನೆಯ ಮುದುಕಿ ಫ್ರಾವ್ ಹೆಲ್ವಿಗ್ ಮಾತಿನ ಮಧ್ಯೆ ಥಟ್ಟನೆ ನಿಲ್ಲುತ್ತಾರಲ್ಲ, ಅದು ವಿಮಾನಕ್ಕಾಗಿ ನಿಲ್ಲುವುದೋ, ಬೇರೆ ಏನಾದರೂ ಇರಬಹುದೋ? ಬಾಟಲಿ ಕುದಿಸುವಾಗಲೂ ಇದೇ, ನನ್ನ ಮಗು ಇಡಾಳ ಬಟ್ಟೆ ಬದಲಿಸುವಾಗಲೂ ಇದೇ. ಯೋಚನೆಗೆ ತಕ್ಕಷ್ಟು ಹೆದರಿಕೆ ಮಾತ್ರ ಬರುತ್ತಿರಲಿಲ್ಲ. ಹೆರಿಗೆಯಾದಂದಿನಿಂದ ನಾನು ಹಾಗೇ ಇದ್ದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿ ಕಳಿಸಿದ ಮೇಲೆ ತುಟಿ ಇದೆ ಎಂದು ಗೊತ್ತಿರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ನನಗೆ ಮೈಯೆಲ್ಲ ಹಾಗಾಗಿತ್ತು. ಸಣ್ಣ ಸಣ್ಣ ವಿಷಯಕ್ಕೆ ಚಡಪಡಿಸುತ್ತಿದ್ದೆ. ಕಿಟಕಿ ಸರಿಯಾಗಿ ಮುಚ್ಚಿದೆಯೇ, ಟೋಪಿ ಬಿಗಿಯಾಯಿತೇ, ಮಗುವಿನ ಕಿವಿ ಯಾಕೆ ಕೆಂಪಗಿದೆ. ದೊಡ್ಡ ವಿಷಯ ಬಂದರೆ ಎದುರಿನ ಗೋಡೆಯನ್ನು ನೋಡುತ್ತಾ ಕೂತುಬಿಡುತ್ತಿದ್ದೆ.

ನಿಲ್ಲುವುದರ ಬಗ್ಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಹಳಬರೆಲ್ಲ ಹಾಗೆ ನಿಲ್ಲುತ್ತಾರೆ. ಬೀದಿಯ ಆ ಬದಿ ಬೇಲಿ, ಬೇಲಿಯಾಚೆ ಬಯಲು. ಈಗ ಅಲ್ಲಿ ಗಾಳಿಪಟ ಹಾರಿಸುತ್ತಾರೆ, ಕುರಿಮಾಂಸ ಸುಡುತ್ತಾರೆ, ಸೈಕಲ್ ಕಲಿಯುತ್ತಾರೆ. ಮೊದಲು ಅದು ವಿಮಾನ ನಿಲ್ದಾಣ. ಇಳಿಯುವ ವಿಮಾನಗಳು ನಮ್ಮ ಮಾಳಿಗೆಗಳ ಮೇಲೆಯೇ ಹಾದು ಹೋಗುತ್ತಿದ್ದವಂತೆ. ಒಳಗೆ ಕೂತವರಿಗೆ ತನ್ನ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕಾಣುತ್ತಿತ್ತು ಎಂದು ಫ್ರಾವ್ ಹೆಲ್ವಿಗ್ ಹೇಳುತ್ತಿದ್ದರು. ವಿಮಾನ ಬಂದಾಗ ಮಾತಾಡುತ್ತಿದ್ದವರು ಪದವನ್ನು ಅರ್ಧಕ್ಕೇ ಬಿಟ್ಟು, ಕಪ್ಪನ್ನು ಬಸಿಯ ಮೇಲೆ ಒತ್ತಿ ಹಿಡಿದು, ಕಿಟಕಿಯ ಕಡೆ ನೋಡುವರು. ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದಲೇ ಶುರು. ಎದುರಿನವರೂ ಸುಮ್ಮನೆ ಕಿಟಕಿ ನೋಡುತ್ತಾ ಕಾಯಬೇಕು. "ಏನೋ ಹೇಳ್ತಿದ್ರಲ್ಲ?" ಎಂದು ಕೇಳಿದವರು ಈ ಬೀದಿಗೆ ಹೊಸಬರೆಂದೇ ಲೆಕ್ಕ.

ವಿಮಾನ ನಿಂತು ಎಷ್ಟೋ ವರ್ಷವಾಯಿತು. ನಿಲ್ಲುವ ಚಾಳಿ ಮಾತ್ರ ಹೋಗಲಿಲ್ಲ. ಬೇಕರಿಯ ಸಾಲಿನಲ್ಲಿ, ಮೆಟ್ಟಿಲ ಮೇಲೆ, ಸತ್ತವರ ಮನೆಯಲ್ಲೂ, ಯಾರಾದರೂ ಹಳಬರು ಬಾಯಿ ತೆರೆದಷ್ಟಕ್ಕೇ ನಿಂತರೆ ಪಕ್ಕದವರು "ಹೋಗಲಿ ವಿಮಾನ" ಎನ್ನುವರು. ಎಲ್ಲರೂ ನಗುವರು, ಕಾಯುವರು. ನಾನು ಹಾನೋವರಿನಲ್ಲಿ ಓದಿ ಬೆಳೆದವಳು. ಬಂದ ಹೊಸದರಲ್ಲಿ ನನಗಿದು ವಿಚಿತ್ರವಾಗಿ ಕಂಡಿತ್ತು. ಆಮೇಲೆ ನಾನೂ ಕಾಯುವುದನ್ನು ಕಲಿತೆ.

ಹೆಲ್ವಿಗ್ ಮನೆತನದ ಹೆಸರು, ಫ್ರಾವ್ ಎಂದರೆ ಶ್ರೀಮತಿ; ಆಕೆಯ ಸ್ವಂತ ಹೆಸರು ಎಲ್ಫ್ರೀಡೆ. ಮದುವೆಯಾಗಿ ಈ ಮನೆಗೆ ಬಂದವರು ಇಲ್ಲೇ ಉಳಿದರು. ಗಂಡ ಎಕಾರ್ಟ್ ಬಸ್ ಓಡಿಸುತ್ತಿದ್ದ. ಆತ ತೀರಿಕೊಂಡದ್ದು ವಿಮಾನ ನಿಲ್ದಾಣ ಮುಚ್ಚಿದ ಚಳಿಗಾಲದಲ್ಲೇ. ಎರಡೂ ಸದ್ದು ಒಟ್ಟಿಗೆ ನಿಂತವು ಎಂದು ಆಕೆ ಒಮ್ಮೆ ಹೇಳಿದ್ದರು. ಅಳುವ ದನಿಯಲ್ಲಲ್ಲ, ನೀರಿನ ನಲ್ಲಿ ಕೆಟ್ಟಿತು ಎನ್ನುವ ಹಾಗೆ. ಆಕೆ ದುಡಿದದ್ದು ಬೇಲಿಯಾಚೆ ವಿಮಾನ ನಿಲ್ದಾಣದ ಕಟ್ಟಡದ ಅಡುಗೆಮನೆಯಲ್ಲಿ, ಒಲೆ ಹಚ್ಚದೆ ತಣ್ಣನೆಯ ತಿನಿಸು ಮಾಡುವ ಬದಿಯಲ್ಲಿ. ಬ್ರೆಡ್ಡಿಗೆ ಬೆಣ್ಣೆ, ಮೇಲೆ ಹಂದಿಮಾಂಸದ ತೆಳು ಹಾಳೆ, ಅದರ ಮೇಲೆ ಉಪ್ಪಿನಲ್ಲಿಟ್ಟ ಸೌತೆಕಾಯಿಯನ್ನು ಬೀಸಣಿಗೆಯ ಹಾಗೆ ಬಿಡಿಸಿ ಇಡುವುದು. ಜಗತ್ತಿನ ಜನರೆಲ್ಲ ತನ್ನ ಸೌತೆಕಾಯಿ ತಿಂದು ಹಾರಿದ್ದಾರೆ, ತಾನು ಮಾತ್ರ ಒಮ್ಮೆಯೂ ವಿಮಾನ ಹತ್ತಲಿಲ್ಲ ಎನ್ನುವರು. ಹತ್ತಬೇಕೆನಿಸಲಿಲ್ಲವೇ ಎಂದು ಕೇಳಿದ್ದೆ. ರಾತ್ರಿಯಿಡೀ ಮಾಡಿದ ಬ್ರೆಡ್ಡನ್ನೇ ಮತ್ತೆ ಮೇಲೆ ಕೂತು ತಿನ್ನುವುದಕ್ಕೆ ಯಾರು ಹೋಗುತ್ತಾರೆ ಎಂದರು.

ಬಯಲನ್ನು ಜನರಿಗೆ ತೆರೆದ ದಿನದಿಂದ ಆಕೆ ಅಲ್ಲಿಗೆ ಹೋಗುವುದನ್ನು ತಪ್ಪಿಸಿದವರಲ್ಲ. ಮಧ್ಯಾಹ್ನದ ಊಟ ಮುಗಿಸಿ, ಕಂದು ಕೋಟು ತೊಟ್ಟು, ಬಟ್ಟೆಯ ಚೀಲ ಹಿಡಿದು ಹೊರಡುವರು. ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ತಿರುಗಿ ಬರುವರು. ಗಾಳಿಪಟ ಕಟ್ಟಿಕೊಂಡು ಚಕ್ರದ ಹಲಗೆಯ ಮೇಲೆ ಜಾರುವ ಹುಡುಗರನ್ನು ಕಂಡರೆ "ಬಂದ್ರು ನೋಡು, ಕಿಟಕಿ ಇಲ್ದಿರೋ ಪೈಲಟ್‌ಗಳು" ಎನ್ನುವರು. ಹುಡುಗರೂ ಆಕೆಗೆ ಸಲಾಮು ಹೊಡೆಯುವರು. ಅಲ್ಲಿ ಒಂದು ಮನೆಯನ್ನೂ ಕಟ್ಟಕೂಡದೆಂದು ಊರವರು ಮತ ಹಾಕಿದಾಗ ಆಕೆಯೂ ಹಾಕಿದ್ದರಂತೆ. ಅಷ್ಟು ದೊಡ್ಡ ಜಾಗ ಬರಿದೇ ಬಿಡುವುದು ಹುಚ್ಚು ಎಂದು ಆಕೆಗೆ ಅನಿಸಿತ್ತಂತೆ, ಆದರೂ ಹಾಕಿದರಂತೆ.

ಇಡಾ ಹುಟ್ಟಿದ ಮೇಲೆ ಒಂದು ದಿನ ಆಕೆ ಆಲೂಗಡ್ಡೆ ಸೂಪಿನ ಪಾತ್ರೆ ಹಿಡಿದು ಬಾಗಿಲು ತಟ್ಟಿದರು. ಮಾರ್ಟೆನ್, ನನ್ನ ಗಂಡ, ನಾಟಕ ಮಂದಿರದಲ್ಲಿ ದೀಪ ನೋಡಿಕೊಳ್ಳುವವನು. ಮಧ್ಯಾಹ್ನ ಹೋದರೆ ರಾತ್ರಿಯೇ ಬರುವುದು. ನಾನು ಒಳಂಗಿಯಲ್ಲಿ ನಿಂತಿದ್ದೆ. ಮಗು ಒಳಗೆ ಅಳುತ್ತಿತ್ತು. ಅಳುವುದು ನನಗೆ ಕೇಳುತ್ತಿತ್ತು, ಅಷ್ಟೇ. ಫ್ರಾವ್ ಹೆಲ್ವಿಗ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೊಡಿಲ್ಲಿ ಅದನ್ನ. ನೀನು ಹೋಗಿ ಮಲ್ಕೋ."

ಮಗುವಿಗೆ ಹೊರಗಿನ ಗಾಳಿ ಈಗಲೇ ತಾಗಬಾರದೆಂದು ಪುಸ್ತಕದಲ್ಲಿ ಬರೆದಿದ್ದಾರೆ ಎಂದೆ.

"ಉಸಿರಾಡೋದಕ್ಕೆ ಯಾವಾಗ ಬಿಡ್ಬೇಕು ಅಂತ ಬರ್ದಿದಾರೆ, ಅದನ್ನೂ ನೋಡು ಹುಡುಗಿ," ಎನ್ನುತ್ತಾ ಮಗುವನ್ನು ಗಾಡಿಯಲ್ಲಿ ಮಲಗಿಸಿ ಬೆಲ್ಟು ಹಾಕಿದರು.

ಅಂದಿನಿಂದ ಪ್ರತಿ ಮಧ್ಯಾಹ್ನ ಆಕೆ ಇಡಾಳ ಗಾಡಿಯನ್ನು ರನ್‌ವೇಯ ಮೇಲೆ ತಳ್ಳಿಕೊಂಡು ಹೋಗುವರು, ನಾನು ನಿದ್ದೆ ಮಾಡುವೆ. ಆ ನಿದ್ದೆಯೊಂದು ಇಲ್ಲದಿದ್ದರೆ ಆ ಚಳಿಗಾಲವನ್ನು ಹೇಗೆ ದಾಟುತ್ತಿದ್ದೆನೋ ತಿಳಿಯದು.

ನಮ್ಮಲ್ಲಿ ಒಂಟಿಯಾಗಿರುವವರು ಮನೆಯ ಇನ್ನೊಂದು ಬೀಗದ ಕೈಯನ್ನು ಪಕ್ಕದವರಲ್ಲಿ ಕೊಟ್ಟಿರುತ್ತಾರೆ. ಅದರ ಜೊತೆಗೆ ಒಂದು ಫೋನ್ ನಂಬರು. ಬೀಗದ ಕೈ ಕೊಟ್ಟವರ ಮನೆಗೆ ಸುಮ್ಮಸುಮ್ಮನೆ ನುಗ್ಗುವಂತಿಲ್ಲ, ಆ ನಂಬರಿಗೂ ಸುಮ್ಮಸುಮ್ಮನೆ ಮಾಡುವಂತಿಲ್ಲ. ಫ್ರಾವ್ ಹೆಲ್ವಿಗ್ ಕೊಟ್ಟ ನಂಬರು ಮಗಳು ಸಿಗ್ರುನ್‌ಳದು. ಆಕೆ ಬ್ರೇಮನ್ನಿನಲ್ಲಿದ್ದಾಳೆ. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಅಮ್ಮನಿಗೆ ಕೋಣೆ ನೋಡಿಟ್ಟಿದ್ದಾಳೆ, ಮಗಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಕೊಡುವಾಗಲೇ ಫ್ರಾವ್ ಹೆಲ್ವಿಗ್ ಹೇಳಿದ್ದರು, ತಾನು ಮೆಟ್ಟಿಲಲ್ಲಿ ಬಿದ್ದರೆ ಮೊದಲು ಆಂಬುಲೆನ್ಸು, ಸತ್ತರೆ ಮೊದಲು ಸಿಗ್ರುನ್, ಇವೆರಡರ ನಡುವೆ ಯಾರೂ ಬೇಡ ಎಂದು. ಫೋನು ಹೋಯಿತೆಂದರೆ ಆ ವಾರವೇ ಮಗಳು ತನ್ನನ್ನು ಕರೆದೊಯ್ಯಲು ಕಾರು, ಪೆಟ್ಟಿಗೆ ತಂದು ಬಾಗಿಲಲ್ಲಿ ನಿಲ್ಲುತ್ತಾಳಂತೆ. ಬ್ರೇಮನ್ನಿನಲ್ಲಿ ಇಂಥ ಬಯಲಿಲ್ಲ, ಇದ್ದರೂ ಅದು ತನ್ನದಲ್ಲ ಎಂದರು.

ಮೇ ತಿಂಗಳ ಮೊದಲಲ್ಲಿ ಆಕೆ ಗಾಡಿ ತಂದು ಬಿಟ್ಟು, "ಚೆನ್ನಾಗಿ ನಿದ್ದೆ ಮಾಡ್ತು ಇವತ್ತು ನಮ್ಮ…" ಎಂದು ನಿಂತರು. ನಾನು ಕಿಟಕಿಯ ಕಡೆ ನೋಡುತ್ತಾ ಕಾದೆ. ಬಹಳ ಹೊತ್ತು ಕಾದೆ. ಆಮೇಲೆ ಆಕೆ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಮಾತು ಬಿಟ್ಟಲ್ಲಿಂದ ಶುರುವಾಗಲಿಲ್ಲ. ಮಗುವಿನ ಹೆಸರು ಹೇಳದೆಯೇ ಹೋದರು ಎಂದು ನನಗೆ ಹೊಳೆದದ್ದು ಸ್ನಾನ ಮಾಡಿಸುವಾಗ.

ಮೂಲೆ ಅಂಗಡಿಯ ಸೆಲಾಮಿಯನ್ನು ವಿಚಾರಿಸಿದೆ. ಆತ ಇಪ್ಪತ್ತು ವರ್ಷದಿಂದ ಆಕೆಗೆ ಪತ್ರಿಕೆ, ಹಾಲು ಕೊಡುತ್ತಿರುವವನು. ಆಕೆಯ ನಿಲ್ಲುವಿಕೆ ಈಚೆಗೆ ಉದ್ದವಾಗಿದೆ ಅನಿಸುತ್ತದೆಯೇ ಎಂದೆ. ಆತ ನಕ್ಕ.

"ಎಲ್ಫ್ರೀಡೆ ಅಕ್ಕನದು ದೊಡ್ಡ ವಿಮಾನ. ಇಳಿಯೋಕೆ ಹೊತ್ತು ತಗೊಳುತ್ತೆ."

ಅಂಗಡಿಯಲ್ಲಿದ್ದ ಇನ್ನಿಬ್ಬರು ಮುದುಕರೂ ನಕ್ಕರು. ಅವರೂ ಹಾಗೆಯೇ ನಿಲ್ಲುವವರು. ಹಾಲು ಕೊಂಡು ಬಂದೆ. ಎಲ್ಲರೂ ನಗುತ್ತಿದ್ದಾರೆಂದರೆ ನನ್ನ ತಲೆಯೇ ಸರಿಯಿಲ್ಲ, ನಿದ್ದೆಗೆಟ್ಟವಳ ತಲೆ ಎಂದುಕೊಂಡೆ. ಮಾರ್ಟೆನ್‌ಗೆ ಹೇಳಿದರೆ ಆತನೂ ಹಾಗೇ ಅಂದ, ಮೆತ್ತಗೆ ಅಂದ. ಮರುದಿನ ಮಧ್ಯಾಹ್ನ ಮತ್ತೆ ಗಾಡಿಯನ್ನು ಆಕೆಯ ಕೈಗೆ ಕೊಟ್ಟೆ. ಕೊಟ್ಟು ಮಲಗಿದೆ, ನಿದ್ದೆ ಬರಲಿಲ್ಲ.

ಅದಾದ ಮೇಲೆ ಒಂದು ಗುರುವಾರ ನಾನು ಮಲಗಲೇ ಇಲ್ಲ. ಆಕೆ ಗೇಟು ದಾಟಿದ ಮೇಲೆ ಮಾರ್ಟೆನ್‌ನ ಟೋಪಿ ಹಾಕಿಕೊಂಡು ಹಿಂದೆ ಹೊರಟೆ. ಆ ಬಯಲಿನಲ್ಲಿ ಯಾರ ಹಿಂದೆಯೂ ಕಳ್ಳತನದಿಂದ ಹೋಗಲಾಗದು. ಮರೆಯಾಗಿ ನಿಲ್ಲಲು ಒಂದು ಮರವಿಲ್ಲ, ಗಿಡವಿಲ್ಲ. ಮೈಲಿಯಾಚೆ ನಿಂತ ಮನುಷ್ಯನೂ ಕಡ್ಡಿಯ ಹಾಗೆ ಕಾಣುತ್ತಾನೆ. ಚಕ್ರದ ಬೂಟು ತೊಟ್ಟು ಜಾರಲು ಕಲಿಯುತ್ತಿದ್ದ ಹೆಂಗಸರ ಗುಂಪೊಂದಿತ್ತು. ಅವರ ನಡುವೆ ಸೇರಿಕೊಂಡು ನಿಧಾನವಾಗಿ ನಡೆದೆ. ಒಬ್ಬಳು ಬೀಳುವಾಗ ನನ್ನ ತೋಳು ಹಿಡಿದಳು, ಥ್ಯಾಂಕ್ಸ್ ಎಂದಳು. ಎರಡು ಬದಿಗೂ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹಕ್ಕಿಗಳು ನೆಲದಲ್ಲಿ ಮೊಟ್ಟೆಯಿಡುವ ಕಾಲವೆಂದು ಅದಕ್ಕೆ ಹಗ್ಗ ಕಟ್ಟಿದ್ದರು.

ಫ್ರಾವ್ ಹೆಲ್ವಿಗ್ ಗಾಡಿಯನ್ನು ನೇರವಾಗಿ, ಹದವಾಗಿ ತಳ್ಳುತ್ತಿದ್ದರು. ನೋಡಿದರೆ ನನಗಿಂತ ಚೆನ್ನಾಗಿ ತಳ್ಳುತ್ತಿದ್ದರು. ಸುಮ್ಮನೆ ಬಂದೆನಲ್ಲ ಎನಿಸಿತು. ಅಷ್ಟರಲ್ಲಿ ಆಕೆ ನಿಂತರು. ಬಗ್ಗಿ ಗಾಡಿಯ ಬ್ರೇಕು ಹಾಕಿದರು. ಇಡಾಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಮೇಲಿನ ಮುಸುಕನ್ನು ಎಳೆದರು. ಕೈ ಹಿಂದಕ್ಕೆ ಕಟ್ಟಿಕೊಂಡು ಹಗ್ಗದ ಹತ್ತಿರ ಹೋಗಿ ಹುಲ್ಲನ್ನು ನೋಡಿದರು. ಆಮೇಲೆ ನಡೆಯುತ್ತಾ ಹೋದರು. ತಿರುಗಿ ನೋಡಲಿಲ್ಲ.

ರನ್‌ವೇಯ ನಟ್ಟನಡುವೆ ಗಾಡಿ ನಿಂತಿತ್ತು. ಸೈಕಲ್ಲಿನವರು ಅದರ ಎಡಬಲಕ್ಕೆ ಹಾದು ಹೋದರು. ಒಬ್ಬೊಬ್ಬರೂ ಹತ್ತಿರ ಬಂದಾಗ ನಿಧಾನ ಮಾಡಿ, ಸುತ್ತ ನೋಡಿ, ಯಾರದೋ ಇರುತ್ತದೆ, ಇಲ್ಲೇ ಎಲ್ಲೋ ಇರುತ್ತಾರೆ ಎಂದು ಮುಂದೆ ಹೋದರು. ಗಾಳಿಪಟದ ಹುಡುಗನೊಬ್ಬ ಅದರ ಪಕ್ಕಕ್ಕೇ ಬಾಗಿ ಜಾರಿದ. ನಾನು ಓಡಿದೆ ಎಂದು ಬರೆಯಬೇಕು. ಓಡಲಿಲ್ಲ. ನಡೆದೆ. ಕಾಲು ನನ್ನದಲ್ಲದ ಹಾಗೆ ತಾನಾಗಿ ಬೇಗ ಬೇಗ ಹೋಯಿತು, ಅಷ್ಟೇ. ನಾನು ತಲುಪುವ ಹೊತ್ತಿಗೆ ಬಿಗಿ ಬಟ್ಟೆ ತೊಟ್ಟ ಗಂಡಸೊಬ್ಬ ಸೈಕಲ್ ನಿಲ್ಲಿಸಿಕೊಂಡು ಅಲ್ಲಿ ನಿಂತಿದ್ದ.

"ಇದು ನಿಮ್ದಾ? ಇದೇನು ಗಾಡಿ ನಿಲ್ಲಿಸೋ ಜಾಗಾನಾ?"

ನನ್ನದು ಎಂದೆ. ಆತ ಇನ್ನೂ ಏನೇನೋ ಅಂದ, ಜನ ಹೇಗೆ ಬದಲಾಗಿದ್ದಾರೆ ಎಂಬುದರ ಬಗ್ಗೆ. ಇಡಾ ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿದ್ದಳು. ಬೆಲ್ಟು ಸರಿಯಾಗಿ ಹಾಕಿತ್ತು. ಬ್ರೇಕು ಎಷ್ಟು ಬಿಗಿಯಾಗಿತ್ತೆಂದರೆ ಬಿಡಿಸಲು ಎರಡು ಸಲ ಒದೆಯಬೇಕಾಯಿತು.

ಫ್ರಾವ್ ಹೆಲ್ವಿಗ್ ಹಳೆಯ ಕಟ್ಟಡದ ಕಡೆ ಮುಖ ಮಾಡಿ ನಿಂತಿದ್ದರು. ಹತ್ತಿರ ಹೋದಾಗ ಸಂತೋಷದಿಂದಲೇ ತಿರುಗಿದರು.

"ಬಂದ್ಯಾ ರಿಕೆ? ಒಳ್ಳೇದಾಯ್ತು. ಹೊರಗೆ ಬರ್ಬೇಕು ನೀನು. ಕರ್ಕೊಂಡು ಬಂದ್ಯಾ ಮಗೂನ?"

ಆಮೇಲೆ ಆಕೆಯ ಕಣ್ಣು ಗಾಡಿಯ ಹಿಡಿಗೆ ಹೋಯಿತು. ಅಲ್ಲಿ ಆಕೆಯ ಬಟ್ಟೆಯ ಚೀಲ ತೂಗುತ್ತಿತ್ತು. ಚೀಲವನ್ನು ನೋಡಿದರು, ತನ್ನ ಖಾಲಿ ಕೈಯನ್ನು ನೋಡಿದರು. ಯಾವ ನೆಪವನ್ನೂ ಹೇಳಲಿಲ್ಲ. ನಾವು ಅಲ್ಲೇ ಕಾಂಕ್ರೀಟಿನ ಅಂಚಿನಲ್ಲಿ ಕೂತೆವು. ಕಾಂಕ್ರೀಟು ಬೆಚ್ಚಗಿತ್ತು. ಆಕೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಷ್ಟು ದೂರ ಬಿಟ್ಟು ಬಂದಿದ್ದೆ ಎಂದು ಕೇಳಿದರು. ತೋರಿಸಿದೆ. ಅಷ್ಟೊಂದಾ ಎಂದರು.

"ಸಿಗ್ರುನ್‌ಗೆ ಹೇಳ್ತೀಯಾ?"

ಗೊತ್ತಿಲ್ಲ ಎಂದೆ. ಅದು ನಿಜ.

"ಶತಾವರಿ ದಂಟಿನ ಕಾಲ ಮುಗೀಲಿ," ಎಂದರು. "ಆಮೇಲೆ ಹೇಳು."

ವಸಂತದಲ್ಲಷ್ಟೇ ಸಿಗುವ ತರಕಾರಿ ಅದು; ದಂಟಿನ ಕಾಲ ಜೂನ್ ಕೊನೆಯವರೆಗೆ ಇರುತ್ತದೆ. ಇಲ್ಲಿ ಎಲ್ಲವನ್ನೂ ಹಾಗೆ ಮುಂದಕ್ಕೆ ಹಾಕುತ್ತಾರೆ, ದಂಟು ಮುಗಿಯಲಿ, ಬೇಸಿಗೆ ರಜೆ ಮುಗಿಯಲಿ ಎಂದು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭವಾಗಿತ್ತು.

ಅಂದಿನಿಂದ ಮೂವರೂ ಒಟ್ಟಿಗೆ ಬಯಲಿಗೆ ಹೋಗತೊಡಗಿದೆವು. ಗಾಡಿ ನನ್ನ ಕೈಯಲ್ಲಿ. ಮಧ್ಯಾಹ್ನದ ನಿದ್ದೆ ತಪ್ಪಿತು. ಅದಕ್ಕೂ ನನಗೆ ಸಿಟ್ಟು ಬರಲಿಲ್ಲ. ಮಾರ್ಟೆನ್‌ಗೆ ಹೇಳಿದಾಗ ಆತನ ಮುಖ ಬಿಳುಚಿತು. ಆವತ್ತೇ ಫೋನು ಮಾಡಬೇಕಿತ್ತು ಎಂದ. ಸರಿ, ಮಾಡುತ್ತೇನೆ ಎಂದೆ. ಮಾಡಲಿಲ್ಲ. ಮಾಡಿದರೆ ಒಬ್ಬ ಮುದುಕಿಯ ಮನೆ ಹೋಗುತ್ತದೆ. ಮಾಡದಿದ್ದರೆ ಏನು ಹೋಗುತ್ತದೆಂದು ಗೊತ್ತಿಲ್ಲ. ಮಗು ನನ್ನ ಕೈಯಲ್ಲಿದೆ, ಆದರೆ ಆಕೆ ಗ್ಯಾಸು ಹಚ್ಚುತ್ತಾರೆ, ಬೀದಿ ದಾಟುತ್ತಾರೆ, ಬಾಗಿಲು ಯಾರಿಗೆ ಬೇಕಾದರೂ ತೆರೆಯುತ್ತಾರೆ. ಹಗಲೆಲ್ಲ ಕೆಳಗಿನ ಮನೆಯ ಸದ್ದಿಗೆ ಕಿವಿ ಕೊಟ್ಟುಕೊಂಡಿರುತ್ತಿದ್ದೆ. ಪಾತ್ರೆ ಬಿದ್ದರೆ ಸಮಾಧಾನ, ಬೀಳದಿದ್ದರೆ ಚಡಪಡಿಕೆ.

ಜೂನ್ ಎರಡನೇ ವಾರ ಆಕೆ ಮಧ್ಯಾಹ್ನದ ಊಟಕ್ಕೆ ಕರೆದರು. ಮೇಜಿನ ಮೇಲೆ ಬಿಳಿ ದಂಟಿನ ಕಟ್ಟು, ಆಲೂಗಡ್ಡೆ, ಕರಗಿದ ಬೆಣ್ಣೆ. ಆಕೆ ದಂಟು ಹೆರೆಯುತ್ತಿದ್ದರು. ಸಿಪ್ಪೆ ಒಂದೇ ಉದ್ದಕ್ಕೆ, ಒಂದೇ ದಪ್ಪಕ್ಕೆ ಬೀಳುತ್ತಿತ್ತು. ಇಡಾ ನನ್ನ ತೊಡೆಯ ಮೇಲಿದ್ದಳು. ಎಕಾರ್ಟ್‌ಗೆ ದಂಟಿನ ತುದಿ ಮಾತ್ರ ಬೇಕಿತ್ತು, ಬುಡವೆಲ್ಲ ಹೆಂಡತಿಯ ತಟ್ಟೆಗೆ ಹಾಕುತ್ತಿದ್ದ ಎಂದು ಹೇಳುತ್ತಿದ್ದರು. "ಒಂದಿನ ನಾನು ಅವನಿಗೆ…" ಎಂದು ನಿಂತರು.

ನನ್ನ ತಲೆ ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿತು. ಹೊರಗೆ ಖಾಲಿ ಆಕಾಶ, ದೂರದಲ್ಲೊಂದು ಗಾಳಿಪಟ. ಏಕೋ, ತಿರುಗಿ ಆಕೆಯ ಮುಖವನ್ನೇ ನೋಡಿದೆ. ಇಷ್ಟು ವರ್ಷದಲ್ಲಿ ಆಕೆ ನಿಂತಾಗ ನಾನು ಆಕೆಯ ಮುಖ ನೋಡಿದ್ದೇ ಇಲ್ಲ. ಯಾರೂ ನೋಡುವುದಿಲ್ಲ. ಆಕೆ ಕಿಟಕಿಯನ್ನು ನೋಡುತ್ತಿರಲಿಲ್ಲ. ಕಣ್ಣು ಮೇಜಿನ ಮೇಲೆ ಅತ್ತಿತ್ತ ಓಡಾಡುತ್ತಿತ್ತು. ಕತ್ತಲಲ್ಲಿ ದೀಪದ ಸ್ವಿಚ್ಚು ಹುಡುಕುವ ಕೈಯ ಹಾಗೆ.

"ಏನ್ ಹೇಳ್ತಿದ್ರಿ, ಫ್ರಾವ್ ಹೆಲ್ವಿಗ್?" ಎಂದು ಕೇಳಿದೆ.

ಆಕೆ ನನ್ನನ್ನು ದಿಟ್ಟಿಸಿದರು. ಈ ಮನೆಯಲ್ಲಿ ಹಾಗೆ ಕೇಳಿದವರಿರಲಿಲ್ಲ. ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟರು.

"ಗೊತ್ತಿಲ್ಲ."

"ಈಗ ಮರ್ತು ಹೋಯ್ತಾ?"

"ಈಗಲ್ಲ. ಹೋದ ವರ್ಷದಿಂದ. ಅದಕ್ಕೂ ಮುಂಚೆ ಇರ್ಬೋದು." ಸಿಪ್ಪೆಗಳನ್ನು ಒಟ್ಟುಮಾಡಿದರು. "ನಿಂತ್ರೆ ನೀವೆಲ್ಲ ಕಾಯ್ತಿದ್ರಿ. ವಿಮಾನ ಅಂತಿದ್ರಿ. ಸೆಲಾಮಿ ಅಂತೂ ನಗ್ತಾನೆ. ಅನುಕೂಲವೇ ಆಯ್ತು ಅಂದ್ಕೊಂಡೆ. ಯಾರೂ ಕೇಳ್ಳಿಲ್ಲ ನೋಡು."

ಇಡಾ ಮೇಜಿನಂಚನ್ನು ಬಡಿಯುತ್ತಿದ್ದಳು.

"ಹೆದರ್ಕೆ ಆಗುತ್ತಾ?" ಎಂದು ಕೇಳಿದೆ.

"ನಿಂತಾಗ ಆಗುತ್ತೆ. ಆಮೇಲೆ ಯಾತಕ್ಕೆ ಹೆದರ್ದೆ ಅನ್ನೋದೂ ಹೋಗುತ್ತೆ." ಸಿಪ್ಪೆಯ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿ, "ನಿಂಗೆ?" ಎಂದರು.

ನನಗೆ ಆಗುವುದೇ ಇಲ್ಲ, ಆಗಬೇಕಾದಾಗಲೂ ಇಲ್ಲ ಎಂದೆ. ಇದನ್ನು ನಾನು ಡಾಕ್ಟರಿಗೂ ಹೇಳಿರಲಿಲ್ಲ. ಆಕೆಗೆ ಅಚ್ಚರಿಯಾದ ಹಾಗೆ ಕಾಣಲಿಲ್ಲ. ಮೊದಲ ದಿನ ಬಾಗಿಲಲ್ಲಿ ನಿಂತವಳನ್ನು ನೋಡಿದಾಗಲೇ ಗೊತ್ತಾಯಿತು, ಅದಕ್ಕೇ ಮಗುವನ್ನು ಕೇಳಿದ್ದು ಎಂದರು. ಅದನ್ನು ಯಾರಿಗಾದರೂ ಹೇಳಿಕೋ ಎಂದರು. ನಾನು ಹೇಳಿದ್ದನ್ನು ನಾಳೆ ಆಕೆ ಮರೆತಿರಬಹುದು ಎಂದೆನಿಸಿತು.

ದಂಟು ಬೇಯಿಸಿ ತಿಂದೆವು. ಉಪ್ಪು ಎರಡು ಸಲ ಬಿದ್ದಿತ್ತು. ಆಕೆಗೂ ರುಚಿಯಲ್ಲಿ ತಿಳಿಯಿತು, ಇಬ್ಬರ ತಟ್ಟೆಗೂ ಇನ್ನಷ್ಟು ಆಲೂಗಡ್ಡೆ ಹಾಕಿದರು. ನಾನು ತಟ್ಟೆ ತೊಳೆದೆ, ಆಕೆ ಒರೆಸಿದರು. ಕೊನೆಯ ತಟ್ಟೆ ಒರೆಸುತ್ತಾ ನನ್ನ ಕಡೆ ನೋಡದೆ ಹೇಳಿದರು.

"ಸಿಗ್ರುನ್‌ಗೆ ಆರು ಗಂಟೆಗೆ ಮುಂಚೆ ಫೋನ್ ಮಾಡ್ಬೇಡ. ಕೆಲ್ಸದಲ್ಲಿರ್ತಾಳೆ, ಸಿಡುಕ್ತಾಳೆ."

ನೀವೇ ಮಾತಾಡಿ, ನಾನು ಪಕ್ಕದಲ್ಲಿರುತ್ತೇನೆ ಎಂದೆ. ಆಕೆ ಬೇಡವೆಂದು ತಲೆ ಅಲ್ಲಾಡಿಸಿದರು.

"ನಾನು ಮಾಡಿದ್ರೆ ಎಲ್ಲಾ ಚೆನ್ನಾಗಿದೆ ಅಂತೀನಿ. ಬಾಯಿಗೆ ಅದೇ ಬರೋದು." ತಟ್ಟೆಯನ್ನು ಬೀರುವಿನಲ್ಲಿಟ್ಟರು. "ರನ್‌ವೇ ವಿಷಯಾನೂ ಹೇಳು. ಬಿಡ್ಬೇಡ. ಅದನ್ನ ಬಿಟ್ಟು ಹೇಳಿದ್ರೆ ಅವಳು ನಂಬಲ್ಲ. ಬಾಯಲ್ಲಿ ಹೇಳಿದ್ದಕ್ಕೆಲ್ಲ ಪುರಾವೆ ಕೇಳ್ತಾಳೆ, ಅವಳಪ್ಪನ ಹಾಗೆ."

ಬೇರೆ ದಾರಿ ಇರಬಹುದು, ದಿನವೂ ಮನೆಗೆ ಬಂದು ನೋಡಿಕೊಳ್ಳುವವರು ಸಿಗುತ್ತಾರೆ, ಸಿಗ್ರುನ್‌ಗೆ ಅದನ್ನೂ ಕೇಳುತ್ತೇನೆ ಎಂದೆ. ಕೇಳು ಎಂದರು, ನಂಬಿಕೆಯಿಲ್ಲದ ದನಿಯಲ್ಲಿ. ಆಮೇಲೆ ಕೋಟು ತೊಟ್ಟು ನಿಂತರು. ಬಯಲಿಗೆ ಹೊತ್ತಾಯಿತು.

ಆವತ್ತು ಗಾಳಿ ಜೋರಾಗಿತ್ತು. ಗಾಡಿಯನ್ನು ಇಬ್ಬರೂ ಒಂದೊಂದು ಕೈ ಹಿಡಿದು ತಳ್ಳಿದೆವು. ಆಕೆ ಎರಡು ಸಲ ನಿಂತರು. ಎರಡು ಸಲವೂ ನಾನು ಆಕೆಯ ಮುಖ ನೋಡಿದೆ, ಕೇಳಿದೆ. ಒಂದು ಸಲ ಪದ ಸಿಕ್ಕಿತು, ಒಂದು ಸಲ ಸಿಗಲಿಲ್ಲ. ಹಲಗೆಯ ಹುಡುಗರು ಸಲಾಮು ಹೊಡೆದರು. ಆಕೆಯೂ ಕೈಯೆತ್ತಿದರು.

ಮನೆಗೆ ಬಂದು ಇಡಾಳಿಗೆ ಹಾಲು ಕುಡಿಸಿದೆ. ಆರು ಗಂಟೆ ಕಳೆಯಿತು. ಮೊದಲು ಪಾತ್ರೆ ತೊಳೆದೆ, ಬಟ್ಟೆ ಮಡಿಸಿದೆ, ಕಿಟಕಿ ಮುಚ್ಚಿದೆಯೇ ಎಂದು ನೋಡಿದೆ. ಆಮೇಲೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಂಬರು ಒತ್ತಿದೆ. ಆ ಕಡೆ ಬಹಳ ಹೊತ್ತು ರಿಂಗಾಯಿತು.

"ಹೆಲ್ವಿಗ್," ಎಂದು ಮನೆತನದ ಹೆಸರು ಹೇಳಿತು ಒಂದು ದನಿ. ಅದೇ ಗಡಸು, ಅಮ್ಮನದೇ.

ನಾನು ರಿಕೆ, ನಿಮ್ಮ ತಾಯಿಯ ಮೇಲಿನ ಮನೆಯವಳು ಎಂದೆ. ಆ ಕಡೆ ಉಸಿರು ನಿಂತದ್ದು ಕೇಳಿಸಿತು.

"ಬದುಕಿದಾರೆ," ಎಂದೆ. "ನಡೀತಾರೆ, ಮಧ್ಯಾಹ್ನ ಅಡುಗೆ ಮಾಡಿ ನಂಗೂ ಬಡಿಸಿದ್ರು. ಅವರೇ ಹೇಳಿ ಮಾಡಿಸ್ತಿರೋ ಫೋನು ಇದು. ಹೋದ ತಿಂಗಳು ಒಂದು ಗುರುವಾರ, ನನ್ನ ಮಗೂನ ಕರ್ಕೊಂಡು ಬಯಲಿಗೆ ಹೋಗಿದ್ರು. ಅಲ್ಲಿಂದ ಶುರು ಮಾಡ್ತೀನಿ. ಪೂರ್ತಿ ಕೇಳಿ, ಆಮೇಲೆ ಮಾತಾಡೋಣ."